ಹಳೇ ಕಂಪ್ಯೂಟರ್‌ನಲ್ಲಿ ಝಡ್‌ಎಫ್‌ಎಸ್: ರ‍್ಯಾಮ್ ಬಗ್ಗೆ ಸ್ಪಷ್ಟನೆ

ಹಳೇ ಕಂಪ್ಯೂಟರ್‌ಗೆ ನಾಲ್ಕು ಹಾರ್ಡ್ ಡಿಸ್ಕ್ ಹಾಕಿ ಝಡ್‌ಎಫ್‌ಎಸ್ (ಡಿಸ್ಕ್‌ಗಳಲ್ಲಿ ಡೇಟಾ ಜೋಡಿಸಿಡುವ ಒಂದು ಫೈಲ್ ಸಿಸ್ಟಮ್) ನಡೆಸಲು ಪ್ರತಿ ಟಿಬಿಗೆ 1 ಜಿಬಿ ರ‍್ಯಾಮ್ ಬೇಕೇ ಬೇಕು, ಇಲ್ಲದಿದ್ದರೆ ಡೇಟಾ ಹಾಳಾಗುತ್ತದೆ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಝಡ್‌ಎಫ್‌ಎಸ್ ಖಾಲಿ ರ‍್ಯಾಮನ್ನು ಕ್ಯಾಶ್ ಆಗಿ, ಅಂದರೆ ಮತ್ತೆ ಬೇಕಾಗಬಹುದಾದ ಡೇಟಾ ಬೇಗ ಸಿಗುವಂತೆ ಇಡುವ ಜಾಗವಾಗಿ ಬಳಸುತ್ತದೆ. ಬೇರೆ ಪ್ರೋಗ್ರಾಂಗೆ ಬೇಕಾದಾಗ ಬಿಟ್ಟುಕೊಡುತ್ತದೆ. ರ‍್ಯಾಮ್ ಕಡಿಮೆ ಇದ್ದರೆ ವೇಗ ತಗ್ಗಬಹುದು, ಅಷ್ಟೇ. ಫೋಟೋ, ಸಿನಿಮಾ ಇಡುವುದಕ್ಕೆ 8 ಜಿಬಿ ಸಾಕು. ರ‍್ಯಾಮ್ ನಿಜವಾಗಿ ನುಂಗುವುದು ಡಿಡುಪ್ಲಿಕೇಶನ್, ಅಂದರೆ ಒಂದೇ ಡೇಟಾ ಹಲವು ಸಲ ಇದ್ದರೆ ಒಂದೇ ಪ್ರತಿ ಉಳಿಸುವ ಸೌಲಭ್ಯ. ಅದು ತಾನಾಗಿ ಆನ್ ಆಗಿರುವುದಿಲ್ಲ, ಸುಮ್ನೆ ಮುಟ್ಟಬೇಡಿ.

ಇಸಿಸಿ (ತನ್ನಲ್ಲಾದ ಸಣ್ಣ ದೋಷವನ್ನು ತಾನೇ ಹಿಡಿದು ಸರಿಪಡಿಸುವ) ರ‍್ಯಾಮ್ ಕಡ್ಡಾಯ ಅನ್ನುವುದೂ ತಪ್ಪು. ಇದ್ದರೆ ಎಲ್ಲ ಫೈಲ್ ಸಿಸ್ಟಮ್‌ಗೂ ಒಳ್ಳೆಯದು, ಝಡ್‌ಎಫ್‌ಎಸ್‌ಗೆ ವಿಶೇಷವೇನಿಲ್ಲ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮ್ಯಾಥ್ಯೂ ಆರೆನ್ಸ್ ಕೂಡ ಹೀಗೇ ಹೇಳಿದ್ದಾರೆ.

ನನ್ನನ್ನು ಕೇಳಿದರೆ, ಮೊದಲು ಪವರ್ ಸಪ್ಲೈ ನೋಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಶುರುವಾದರೆ ಹಳೇ ಪವರ್ ಸಪ್ಲೈ ಅದನ್ನು ತಡೆದುಕೊಳ್ಳಬೇಕು.