ನೀಲಿ ಪರದೆಯ ಮುಂದೆ ಗಣ್ಯರು

ಸರ್ಕಾರಿ ಕಚೇರಿಯಲ್ಲಿ ಪ್ರೊಜೆಕ್ಟರ್ ಎಲ್ಲರ ಆಸ್ತಿ. ಹಾಗಾಗಿ ಅದು ಬೀರುವಿನಲ್ಲಿರುತ್ತದೆ. ಬೀರುವಿನ ಕೀಲಿ ಒಬ್ಬರ ಹತ್ತಿರ, ರಿಮೋಟ್ ಇನ್ನೊಬ್ಬರ ಹತ್ತಿರ. ಎರಡೂ ಒಬ್ಬರ ಕೈಗೇ ಸಿಕ್ಕರೆ ಯಾರಾದರೂ ಬಳಸಿಬಿಟ್ಟಾರು ಅಲ್ವಾ? ರಿಮೋಟಿನ ಬ್ಯಾಟರಿ ಗೋಡೆ ಗಡಿಯಾರದಲ್ಲಿದೆ. ಗಡಿಯಾರ ಚೆನ್ನಾಗಿಯೇ ಓಡುತ್ತಿದೆ. ಕಾರ್ಯಕ್ರಮ ಎಷ್ಟು ತಡವಾಯಿತು ಅಂತ ಗೊತ್ತಾಗೋದೇ ಅದರಿಂದ.

ಇಂದಿನ ವಿಷಯ 'ಡಿಜಿಟಲ್ ಆಡಳಿತ'. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಮೈಸೂರು ಪೇಟ ಎಲ್ಲ ಸುಸೂತ್ರ. ಇವಕ್ಕೆ ಕೇಬಲ್ ಬೇಕಿಲ್ಲ ನೋಡಿ.

ಪ್ರೊಜೆಕ್ಟರಿಗೆ ಬೇಕು. ಇರುವುದು ವಿಜಿಎ ಕೇಬಲ್. ಐಬಿಎಂ 1987ರಲ್ಲಿ ತಂದ ವ್ಯವಸ್ಥೆ. 15 ಪಿನ್ನು, ಅದರಲ್ಲೊಂದು ಸೊಟ್ಟ. ಚಿತ್ರ ಸಾಗಿಸುತ್ತದೆ, ಸದ್ದು ಸಾಗಿಸುವುದಿಲ್ಲ. ಅತಿಥಿಗಳ ಹೊಸ ಲ್ಯಾಪ್‌ಟಾಪಿನಲ್ಲಿ ಇರುವುದು ಎಚ್‌ಡಿಎಂಐ. ನಡುವೆ ಕನ್ವರ್ಟರ್ ಬೇಕು. ಅದೂ ಇದೆ, ಸ್ಟಾಕ್ ರಿಜಿಸ್ಟರಿನಲ್ಲಿ. ಕೊನೆಗೆ ಲೆಕ್ಕಪತ್ರ ಶಾಖೆಯ ಹಳೇ ಲ್ಯಾಪ್‌ಟಾಪ್ ಬಂತು.

ಪರದೆಯ ಮೇಲೆ 'ನೋ ಸಿಗ್ನಲ್'. ಸಭೆಯಲ್ಲಿದ್ದವರೆಲ್ಲ ತಜ್ಞರಾದರು. ಒಬ್ಬರು ಎಫ್5 ಒತ್ತಿ ಅಂದರು, ಇನ್ನೊಬ್ಬರು ಎಫ್8 ಅಂದರು, ಸಾಹೇಬರು ಆಫ್ ಮಾಡಿ ಆನ್ ಮಾಡಿ ಅಂದರು. ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಸಾಕು. 2009ರಲ್ಲಿ ವಿಂಡೋಸ್ 7 ಬಂದಾಗಿನಿಂದ ಇರುವ ಉಪಾಯ ಅದು. ಹಾಗೆ ಹೇಳಿದ ಹುಡುಗ ಗುತ್ತಿಗೆ ನೌಕರ, ಕೂತದ್ದು ಹಿಂದಿನ ಸಾಲಿನಲ್ಲಿ. ಸಲಹೆ ಮೇಲಕ್ಕೆ ಹೋಗಲಿಲ್ಲ.

ಯಾರೋ ಏನೋ ಒತ್ತಿದರು, ಚಿತ್ರ ಬಂತು. ಸ್ಲೈಡ್ ಲ್ಯಾಪ್‌ಟಾಪಿನಲ್ಲೇ ಉಳಿದು, ಪರದೆ ಮೇಲೆ ಬರೀ ವಾಲ್‌ಪೇಪರ್: ಯಾರದೋ ಮೊಮ್ಮಗನ ಹುಟ್ಟುಹಬ್ಬ. ಜನ ಚಪ್ಪಾಳೆ ತಟ್ಟಿದರು. ಸ್ಲೈಡನ್ನು ಎಳೆದು ತಂದರೆ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಮೇಲೆ ಟೊಪ್ಪಿ, ಕೊಂಬು ಇಟ್ಟುಕೊಂಡು ನಿಂತಿತ್ತು. ಅತಿಥಿಗಳು ಅದನ್ನೇ ಗಂಭೀರವಾಗಿ ಓದಿದರು. (ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣಲಿ, ಯುನಿಕೋಡ್ ಬಳಸಿ ಅನ್ನುವ ಸುತ್ತೋಲೆಯೂ ನುಡಿಯಲ್ಲೇ ಟೈಪ್ ಆಗಿರುತ್ತದೆ ಅಂತ ನನ್ನ ಗುಮಾನಿ.)

ಆಮೇಲೆ ವಿಡಿಯೊ. ಪೆನ್‌ಡ್ರೈವಿನಲ್ಲಿ ಬಂದದ್ದು ಬರೀ ಲಿಂಕು, ವಿಡಿಯೊ ಅತಿಥಿಗಳ ಲ್ಯಾಪ್‌ಟಾಪಿನಲ್ಲೇ ಉಳಿದಿದೆ. ಅದನ್ನೂ ತಂದು ವಿಎಲ್‌ಸಿಯಲ್ಲಿ ಓಡಿಸಿದರು. ಚಿತ್ರ ಪರದೆಯಲ್ಲಿ, ಸದ್ದು ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ. ಜವಾನರು ಮೈಕ್ ತಂದು ಲ್ಯಾಪ್‌ಟಾಪಿನ ಸ್ಪೀಕರಿಗೆ ಒತ್ತಿ ಹಿಡಿದರು. ಮೂತಿ ಸ್ವಲ್ಪ ಆಚೆ ತಿರುಗಿದರೆ ಸಾಕು, ಇಡೀ ಹಾಲಿಗೆ 'ಕೂಂಯ್'. ಇಷ್ಟೂ ಹೊತ್ತು ಅವರ ಕೈ ಮಾತ್ರ ಅಲುಗಲಿಲ್ಲ. ಶಾಲು ಹಾಕಬೇಕಿದ್ದದ್ದು ಅವರಿಗೆ.

ಕರೆಂಟ್ ಹೋಯಿತು. ಬಂತು. ಪ್ರೊಜೆಕ್ಟರಿನ ಬಿಸಿಯಾದ ದೀಪ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ, ಅಷ್ಟರಲ್ಲಿ ಊಟವೇ ಶುರುವಾಯಿತು. ಅಂದಹಾಗೆ ಆ ದೀಪದ ಆಯಸ್ಸು ಕೆಲವು ಸಾವಿರ ಗಂಟೆ. ನಾವು ಬಳಸುವ ಲೆಕ್ಕದಲ್ಲಿ ಅದು ಮೂರು ತಲೆಮಾರಿನ ನೌಕರರ ಬೀಳ್ಕೊಡುಗೆ ನೋಡಬಹುದು.

ಸಂಜೆ ಸಭೆ ಸೇರಿ, ದೋಷ ಪ್ರೊಜೆಕ್ಟರಿನದೇ ಎಂದು ಒಮ್ಮತದಿಂದ ತೀರ್ಮಾನಿಸಿತು. ಹೊಸ 4ಕೆ ಪ್ರೊಜೆಕ್ಟರಿಗೆ ಟೆಂಡರ್ ಕರೆಯುತ್ತಾರಂತೆ. ಷರತ್ತು ಒಂದೇ: ಈಗಿರುವ ಕೇಬಲ್ಲಿಗೆ ಹೊಂದಬೇಕು.