ಬೆಲ್ಟ್ಸ್ ಕಂಡದ್ದು, ಬೆಲ್ಟ್ಸ್ ನಂಬಿದ್ದು

ಮೇಜಿ ಕಾಲದ (1868–1912) ಜಪಾನಿನಲ್ಲಿ ಮೂರು ದಶಕದಷ್ಟು ಕಾಲ ಬದುಕಿದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಹೆಸರು ಬಂದಾಗಲೆಲ್ಲ ಎರಡು ವಿಷಯ ಎದ್ದು ಬರುತ್ತವೆ. ಒಂದು, 1901ರಲ್ಲಿ ಟೋಕಿಯೊದಲ್ಲಿ ಆತ ಮಾಡಿದ ಭಾಷಣ. ಪಾಶ್ಚಾತ್ಯ ವಿಜ್ಞಾನ ಎಲ್ಲಿ ಬೇಕಾದರೂ ಇಟ್ಟು ಓಡಿಸುವ ಯಂತ್ರವಲ್ಲ, ತನಗೆ ಒಗ್ಗುವ ಹವೆಯಲ್ಲಿ ಬೆಳೆಯುವ ಜೀವಿ, ಜಪಾನೀಯರು ಅದರ ಫಲವನ್ನಷ್ಟೇ ಕೇಳುತ್ತಿದ್ದಾರೆ ಎಂದು ಆತ ಅಲ್ಲಿ ಹೇಳಿದ್ದ. ಇನ್ನೊಂದು, ರಿಕ್ಷಾ ಎಳೆಯುವವರ ಊಟದ ಪ್ರಯೋಗ. ಎರಡೂ ನಡೆದದ್ದೇ. ಆದರೆ ಬೆಲ್ಟ್ಸ್‌ನನ್ನು ಓದಬೇಕಾದದ್ದು ಇವೆರಡಕ್ಕಲ್ಲ. ರೋಗಿಯ ಪಕ್ಕ ಕೂತು ಕಂಡದ್ದನ್ನು ಬರೆಯುವಾಗ ಆತನಿಗೆ ಸಾಟಿಯಾದವರು ಕಡಿಮೆ. ಕಂಡದ್ದಕ್ಕೆ ಕಾರಣ ಹೇಳಹೊರಟಾಗ, ಅದರಲ್ಲೂ ಊರಿನವರ ಮಾತನ್ನು ಬದಿಗೆ ಸರಿಸಿದಾಗ, ಮತ್ತೆ ಮತ್ತೆ ಎಡವಿದ. ಇವೆರಡನ್ನೂ ಬಿಡಿಸಿ ಓದದಿದ್ದರೆ ಆತನಿಗೂ ನ್ಯಾಯವಿಲ್ಲ, ಜಪಾನಿಗೂ ನ್ಯಾಯವಿಲ್ಲ.

ರಿಕ್ಷಾ ಪ್ರಯೋಗವನ್ನು ಮೊದಲೇ ಮುಗಿಸಿಬಿಡುತ್ತೇನೆ. 22 ಮತ್ತು 25 ವರ್ಷದ ಇಬ್ಬರು ಎಳೆಯುವವರು. ಸುಮಾರು 80 ಕಿಲೊ ತೂಕದ ಮನುಷ್ಯನನ್ನು ಕೂರಿಸಿಕೊಂಡು ದಿನಕ್ಕೆ 40 ಕಿಲೊಮೀಟರ್ ಓಟ, ಮೂರು ವಾರ. ಮೊದಲು ಅವರದೇ ರೂಢಿಯ ಅನ್ನ, ಬಾರ್ಲಿ, ಗೆಡ್ಡೆಗಳ ಊಟ. ಆಮೇಲೆ ಅದರ ಒಂದು ಪಾಲು ತೆಗೆದು ಮಾಂಸ. ಕೆಲವೇ ದಿನಗಳಲ್ಲಿ ಇಬ್ಬರೂ ಸುಸ್ತಾಗುತ್ತಿದೆ, ಮಾಂಸ ಕಡಿಮೆ ಮಾಡಿ ಎಂದರು. ಇದನ್ನಿಟ್ಟುಕೊಂಡು ಸಸ್ಯಾಹಾರವೇ ಶ್ರೇಷ್ಠ ಎಂದು ಸಾಧಿಸುವವರು ಗಮನಿಸಬೇಕು: ಇದ್ದದ್ದು ಇಬ್ಬರೇ, ಊಟ ಬದಲಿಸದೆ ಓಡಿದ ಮೂರನೆಯವನಿಲ್ಲ, ಅವಧಿಯೂ ಚಿಕ್ಕದು. ಹುಟ್ಟಿನಿಂದ ಒಗ್ಗಿದ ಊಟವನ್ನು ಕಷ್ಟದ ದುಡಿಮೆಯ ನಡುವೆ ಹಠಾತ್ತನೆ ಬದಲಿಸಿದರೆ ಮೈ ತಡೆಯುವುದಿಲ್ಲ ಎನ್ನುವುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ.

ಬೆಲ್ಟ್ಸ್ ಹುಟ್ಟಿದ್ದು 1849ರಲ್ಲಿ, ವ್ಯುರ್ಟೆಂಬರ್ಗ್ ಸೀಮೆಯ ಬೀಟಿಗ್‌ಹೈಮ್‌ನಲ್ಲಿ. ಲೈಪ್ಜಿಗ್‌ನಲ್ಲಿ ಆತನ ಗುರು ವುಂಡರ್‌ಲಿಶ್, ಥರ್ಮಾಮೀಟರ್ ಇಟ್ಟು ಜ್ವರದ ಏರಿಳಿತವನ್ನು ದಿನವೂ ಗೆರೆ ಎಳೆದು ನೋಡುವ ಪದ್ಧತಿಯನ್ನು ಆಸ್ಪತ್ರೆಗಳಿಗೆ ತಂದವರು. ಅದೇ ಆಸ್ಪತ್ರೆಯಲ್ಲಿ ಒಬ್ಬ ಜಪಾನಿ ವಿದ್ಯಾರ್ಥಿಗೆ ಚಿಕಿತ್ಸೆ ಕೊಟ್ಟ ಪರಿಚಯದಿಂದ ಟೋಕಿಯೊದ ವೈದ್ಯಶಾಲೆಯಿಂದ ಕರೆ ಬಂತು. 1876ರಲ್ಲಿ ಎರಡು ವರ್ಷದ ಕರಾರಿಗೆ ಹೋದವನು 1902ರವರೆಗೆ ಪಾಠ ಮಾಡಿದ, ಅರಮನೆಯ ವೈದ್ಯನೂ ಆಗಿದ್ದು 1905ರಲ್ಲಿ ಊರಿಗೆ ಮರಳಿದ. ಜಪಾನ್ ಸರ್ಕಾರ ಆಗಲೇ ಇಂಗ್ಲಿಷ್ ವೈದ್ಯಪದ್ಧತಿಯನ್ನು ಬಿಟ್ಟು ಜರ್ಮನ್ ಪದ್ಧತಿಯನ್ನು ಆರಿಸಿಕೊಂಡಿತ್ತು, ಪಾಠವೆಲ್ಲ ಜರ್ಮನ್‌ನಲ್ಲೇ. ಹಾನಾ ಎಂಬ ಜಪಾನಿ ಹೆಂಗಸಿನ ಜೊತೆ ಸಂಸಾರ. ಹಾಗಾಗಿ ಮನೆಯ ಒಳಗಿನ ಬದುಕು, ಸ್ನಾನ, ಊಟ, ಮಕ್ಕಳ ಆರೈಕೆ ಇವೆಲ್ಲ ಬೇರೆ ವಿದೇಶಿಯರಿಗಿಂತ ಹತ್ತಿರದಿಂದ ಆತನಿಗೆ ಕಾಣಿಸಿದವು.

ಆತನ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುವುದು ನೀಗಾತಾ ಕಡೆಯ ಪ್ರವಾಹ ಜ್ವರದ ವಿಷಯದಲ್ಲಿ. ಶಿನಾನೊ ನದಿ ಉಕ್ಕಿ ಇಳಿದ ದಂಡೆಗಳಲ್ಲಿ ಬೇಸಿಗೆಯಲ್ಲಿ ಕೆಲಸ ಮಾಡಿದ ರೈತರಿಗೆ ಕೆಲವು ದಿನ ಕಳೆದ ಮೇಲೆ ವಿಪರೀತ ಜ್ವರ, ತಲೆನೋವು, ಕಣ್ಣು ಕೆಂಪು. ಹಲವರು ಸಾಯುತ್ತಿದ್ದರು. ಕಾವಾಕಾಮಿ ಎಂಬ ಜಪಾನಿ ವೈದ್ಯನ ಜೊತೆ ಸೇರಿ ಬೆಲ್ಟ್ಸ್ 1879ರಲ್ಲಿ ಇದನ್ನು ಜರ್ಮನ್ ವೈದ್ಯಪತ್ರಿಕೆಗೆ ಬರೆದ. ವರ್ಣನೆ ಇವತ್ತಿಗೂ ಸರಿ: ಕಂಕುಳು, ತೊಡೆಸಂದಿಯಂಥ ಕಡೆ ಒಂದೇ ಒಂದು ಕಪ್ಪು ಹಕ್ಕಳೆಯ ಹುಣ್ಣು, ಅದರ ಹತ್ತಿರದ ದುಗ್ಧಗ್ರಂಥಿಗಳಲ್ಲಿ ಊತ, ಆಮೇಲೆ ಏರುವ ಜ್ವರ, ಮೈಮೇಲೆ ದದ್ದು. ಹುಣ್ಣಿಗೆ ನೋವಿಲ್ಲ, ತುರಿಕೆಯೂ ಅಷ್ಟಿಲ್ಲ, ಹಾಗಾಗಿ ರೋಗಿ ತಾನಾಗಿ ತೋರಿಸುವುದಿಲ್ಲ. ಬಟ್ಟೆ ಬಿಚ್ಚಿಸಿ ಹುಡುಕಬೇಕು.

ಕಾರಣದ ಪ್ರಶ್ನೆ ಬಂದಾಗ ಅಲ್ಲಿನ ರೈತರು ನೇರವಾಗಿ ಹೇಳುತ್ತಿದ್ದರು: ಕಣ್ಣಿಗೆ ಕಾಣಲೂ ಕಷ್ಟವಾದ ಒಂದು ಕೆಂಪು ಹುಳ ಕಚ್ಚುತ್ತದೆ, ಅದರಿಂದಲೇ ಇದು. ಅದನ್ನವರು ಅಕಾಮುಶಿ ಅನ್ನುತ್ತಿದ್ದರು. ಬೆಲ್ಟ್ಸ್ ಒಪ್ಪಲಿಲ್ಲ, ನೆರೆ ಇಳಿದ ನೆಲದಿಂದ ಏಳುವ ದೂಷಿತ ವಿಷವೇ ಕಾರಣ ಎಂದ. ಕೊನೆಗೆ ಗೆದ್ದದ್ದು ರೈತರ ಮಾತು. ನುಸಿಯ ಜಾತಿಯ ಆ ಜೀವಿಯ ಮರಿ ಕಚ್ಚುವಾಗ ರೋಗಾಣು ಒಳಹೋಗುತ್ತದೆ, ಕಚ್ಚಿದ ಜಾಗವೇ ಆ ಕಪ್ಪು ಹುಣ್ಣು. ಇದೇ ಇವತ್ತು ನಮ್ಮ ಕರ್ನಾಟಕದ ಆಸ್ಪತ್ರೆಗಳಲ್ಲೂ ಕಾಣಿಸಿಕೊಳ್ಳುವ ಸ್ಕ್ರಬ್ ಟೈಫಸ್. ಆ ಹುಣ್ಣು ಸಿಕ್ಕಿದರೆ ಅರ್ಧ ರೋಗನಿರ್ಣಯ ಆದಂತೆ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬೇಗ ಶುರುಮಾಡಿದರೆ ಜೀವ ಉಳಿಯುತ್ತದೆ. ಕಪ್ಪು ಹುಣ್ಣು ಎಲ್ಲರಲ್ಲೂ ಕಾಣುವುದಿಲ್ಲ ಎನ್ನುವುದೇ ತೊಡಕು.

ಕಾಕೆ, ಅಂದರೆ ಬೆರಿಬೆರಿ, ಇದಕ್ಕಿಂತ ದುಬಾರಿಯಾದ ತಪ್ಪು. ಕಾಲು ಜೋಮು ಹಿಡಿಯುವುದು, ಮೀನಖಂಡ ಒತ್ತಿದರೆ ನೋವು, ಮಂಡಿ ತಟ್ಟಿದರೆ ಕಾಲು ಎಗರದಿರುವುದು, ಬಾವು, ಕೊನೆಗೆ ಹೃದಯ ಸೋಲುವುದು. ಇದು ಕೈಕಾಲಿನ ನರಗಳ ಕಾಯಿಲೆ ಎಂದು ಬೆಲ್ಟ್ಸ್ ಮತ್ತು ಕ್ಯೋಟೊದಲ್ಲಿದ್ದ ಜರ್ಮನ್ ವೈದ್ಯ ಶೋಯ್ಬೆ ಖಚಿತವಾಗಿ ತೋರಿಸಿದರು. ಅದು ದೊಡ್ಡ ಹೆಜ್ಜೆಯೇ. ಆದರೆ ಇಬ್ಬರೂ ಇದನ್ನು ಸೋಂಕು ಅಂದರು. ಹಾಗನ್ನಿಸಲು ಕಾರಣವೂ ಇತ್ತು: ಬೇಸಿಗೆಯಲ್ಲಿ ಏರುತ್ತಿತ್ತು, ಬ್ಯಾರಕ್ಕು ಹಾಸ್ಟೆಲುಗಳಲ್ಲಿ ಗುಂಪಾಗಿ ಬರುತ್ತಿತ್ತು, ಬಡಕಲು ಮೈಯವರಿಗಿಂತ ಗಟ್ಟಿಮುಟ್ಟಾದ ಹುಡುಗರಿಗೇ ಹೆಚ್ಚು. ಬ್ಯಾರಕ್ಕಿನಲ್ಲಿ ಎಲ್ಲರೂ ಒಂದೇ ಪಾತ್ರೆಯ ಪಾಲಿಶ್ ಮಾಡಿದ ಬಿಳಿ ಅನ್ನ ಉಣ್ಣುತ್ತಿದ್ದರು ಎನ್ನುವ ಸಂಗತಿಗೆ ಆ ಸಿದ್ಧಾಂತದಲ್ಲಿ ಜಾಗವಿರಲಿಲ್ಲ.

ಲಂಡನ್‌ನಲ್ಲಿ ಕಲಿತು ಬಂದ ನೌಕಾಪಡೆಯ ವೈದ್ಯ ತಾಕಾಕಿ ಕಾನೆಹಿರೊ ನೋಡಿದ್ದು ತಟ್ಟೆಯನ್ನು. ರ್‍ಯುಜೊ ಎಂಬ ತರಬೇತಿ ಹಡಗಿನ 1882–83ರ ಯಾನದಲ್ಲಿ 376 ಜನರಲ್ಲಿ 169 ಮಂದಿಗೆ ಕಾಕೆ, 25 ಸಾವು. 1884ರಲ್ಲಿ ತ್ಸುಕುಬಾ ಹಡಗನ್ನು ಅದೇ ದಾರಿಯಲ್ಲಿ, ಮಾಂಸ, ಹಾಲು, ಬ್ರೆಡ್ಡು ಸೇರಿಸಿದ ಊಟದೊಂದಿಗೆ ಕಳಿಸಿದರು. ಕಾಯಿಲೆ ಬಿದ್ದವರು 15ರ ಆಸುಪಾಸು, ಸಾವು ಒಂದೂ ಇಲ್ಲ. ತಾಕಾಕಿ ಕೊಟ್ಟ ಕಾರಣವೂ ತಪ್ಪೇ. ಆತ ಸಾರಜನಕ ಮತ್ತು ಇಂಗಾಲದ ಪ್ರಮಾಣ ಅಂದ, ನಿಜದಲ್ಲಿ ಕೊರತೆಯಿದ್ದದ್ದು ತೌಡಿನಲ್ಲಿ ಹೋಗಿಬಿಡುವ ಬಿ1 ಜೀವಸತ್ವ. ಆದರೂ ನಾವಿಕರು ಬದುಕಿದರು. ಜರ್ಮನ್ ಪದ್ಧತಿಯ ವೈದ್ಯರ ಮಾತು ಕೇಳಿದ ಭೂಸೇನೆ ಬಿಳಿ ಅನ್ನಕ್ಕೇ ಅಂಟಿಕೊಂಡು, ರಷ್ಯಾ ಜೊತೆಗಿನ 1904–05ರ ಯುದ್ಧದಲ್ಲಿ ಸುಮಾರು 27,000 ಸೈನಿಕರನ್ನು ಈ ಕಾಯಿಲೆಗೆ ಕಳೆದುಕೊಂಡಿತು. ಬೆಲ್ಟ್ಸ್ ಒಬ್ಬನ ತಲೆಗೆ ಇದನ್ನು ಕಟ್ಟಲಾರೆ, ಆದರೆ ಆತನ ಪೀಠದ ತೂಕ ಅದರ ಹಿಂದೆ ಇತ್ತು. (ಕರಾವಳಿಯ ನಮ್ಮ ಕುಚ್ಚಲಕ್ಕಿ ಉಣ್ಣುವವರಿಗೆ ಈ ಕಾಟ ಕಡಿಮೆ ಇರಲು ಕಾರಣ ಸರಳ: ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸುವಾಗ ಆ ಜೀವಸತ್ವ ಕಾಳಿನ ಒಳಗೆ ಇಳಿದು ಕೂರುತ್ತದೆ.)

ಆತ ಊರಿನವರ ಜ್ಞಾನಕ್ಕೆ ಪೂರ್ತಿ ತಲೆಬಾಗಿದ್ದು ಬಿಸಿನೀರಿನ ವಿಷಯದಲ್ಲಿ, ಅಲ್ಲಿ ಬರೆದದ್ದೇ ನನಗೆ ಅತ್ಯಂತ ಇಷ್ಟ. ಜಪಾನೀಯರು ಮೀಯುವಷ್ಟು ಬಿಸಿ ನೀರು ಹಾನಿಕರ ಎಂದು ಯುರೋಪಿನ ವೈದ್ಯರು ನಂಬಿದ್ದ ಕಾಲ. ಕುಸಾತ್ಸು ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ನೀರು ನಿಂಬೆರಸದಷ್ಟು ಹುಳಿ, ಹೊರಬರುವಾಗ 50 ಡಿಗ್ರಿಗೂ ಹೆಚ್ಚು ಬಿಸಿ. ತಣ್ಣೀರು ಬೆರೆಸಿದರೆ ಗುಣ ಕೆಡುತ್ತದೆಂದು ಉದ್ದನೆಯ ಹಲಗೆಗಳಿಂದ ಹಾಡುತ್ತಾ ಕಲಕಿ 48ರ ಹತ್ತಿರಕ್ಕೆ ತರುತ್ತಾರೆ. ಮೊದಲು ತಲೆಯ ಮೇಲೆ 30 ಸಲದಷ್ಟು ಬಿಸಿನೀರು ಹುಯ್ದುಕೊಳ್ಳಬೇಕು. ಇದನ್ನು ಬಿಟ್ಟವರಿಗೆ ಎದ್ದಾಗ ತಲೆಸುತ್ತು ಬರುತ್ತದೆ. ಆಮೇಲೆ ಸ್ನಾನದ ಯಜಮಾನನ ಕೂಗಿಗೆ ಎಲ್ಲರೂ ಒಟ್ಟಿಗೆ ಇಳಿಯಬೇಕು, ಅಲುಗಾಡದೆ ಮೂರೇ ನಿಮಿಷ. ಅಲುಗಾಡಿದರೆ ಮೈಗೆ ಅಂಟಿದ ನೀರಿನ ಪದರ ಸರಿದು ಬಿಸಿ ಚುಚ್ಚುತ್ತದೆ. ಇನ್ನಿಷ್ಟು ಹೊತ್ತು ಉಳಿಯಿತು ಎಂದು ಯಜಮಾನ ಕೂಗುವುದು, ಉಳಿದವರು ಓಗೊಡುವುದು. ದಿನಕ್ಕೆ ಹಲವು ಬಾರಿ. ವಾರಗಟ್ಟಲೆ ಮಾಡಿದರೆ ಕಂಕುಳು, ತೊಡೆಸಂದಿ ಹುಣ್ಣಾಗುತ್ತವೆ, ಅದಕ್ಕೇ ಊರಿಗೆ ಮರಳುವ ಮುಂಚೆ ಸಾವಾತಾರಿ ಎಂಬ ಇನ್ನೊಂದು ಬುಗ್ಗೆಯ ಸೌಮ್ಯ ನೀರಿನಲ್ಲಿ ಕೆಲವು ದಿನ ಮಿಂದು ಹೋಗುವ ರೂಢಿ. ಬೆಲ್ಟ್ಸ್ ಇದನ್ನು ಮೂಢನಂಬಿಕೆ ಅನ್ನದೆ ಚಿಕಿತ್ಸೆಯೆಂದೇ ಅಳೆದ, ಬರೆದ, ಅಲ್ಲಿ ಜಾಗವನ್ನೂ ಕೊಂಡ.

ನರಿ ಮೈಮೇಲೆ ಬರುತ್ತದೆ ಎಂದು ಜಪಾನೀಯರು ನಂಬಿದ್ದ ಪ್ರಕರಣಗಳಲ್ಲೂ ಅದೇ ತಾಳ್ಮೆ. ಟೈಫಾಯಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ 17ರ ಹುಡುಗಿಯ ಹಾಸಿಗೆಯ ಸುತ್ತ ನೆಂಟರ ಹೆಂಗಸರು ಕೂತು, ಮುಸ್ಸಂಜೆಯಲ್ಲಿ ಮನೆ ಹತ್ತಿರ ನರಿಯಂಥದ್ದೇನೋ ಕಂಡಿತು ಎಂದು ಮಾತಾಡಿಕೊಂಡರು. ಹುಡುಗಿ ನಡುಗಿದಳು, ಅಲ್ಲಿಂದ ಆಕೆಯ ಬಾಯಲ್ಲಿ ಬೇರೆಯೇ ದನಿ, ತನ್ನೊಂದಿಗೆ ತಾನೇ ಜಗಳ. ಬೆಲ್ಟ್ಸ್ ಗುರುತಿಸಿದ ಷರತ್ತುಗಳು ಮೂರು: ಕಾಯಿಲೆಯಿಂದ ದಣಿದ ಮೈ, ಮೂಢನಂಬಿಕೆಯತ್ತ ವಾಲುವ ದುರ್ಬಲ ಮನಸ್ಸು, ನರಿಯ ಬಗ್ಗೆ ಮೊದಲೇ ಕೇಳಿ ನಂಬಿರುವುದು. ಕೇಳಿರದವರಿಗೆ ಅದು ಬರುವುದೇ ಇಲ್ಲ ಎಂದು ಆತ ಬರೆದದ್ದು 1880ರ ದಶಕದಲ್ಲಿ.

ಜನಾಂಗದ ಮಾತಿಗೆ ಬಂದರೆ ಈ ಎಚ್ಚರ ಕೈಬಿಟ್ಟಿತು. ಕೂಸುಗಳ ಸೊಂಟದ ಕೆಳಗಿನ ನೀಲಿ ಮಚ್ಚೆಯನ್ನು ಆತ ಚೆನ್ನಾಗಿ ವರ್ಣಿಸಿದ, ಚರ್ಮದ ಆಳದಲ್ಲಿರುವ ಬಣ್ಣದ ಕೋಶಗಳಿಂದ ಬರುವುದೆಂದು ಕಂಡ. ಆದರೆ ಅದಕ್ಕೆ ಮಂಗೋಲ್ ಜನಾಂಗದ ಗುರುತು ಎಂದು ಹೆಸರಿಟ್ಟ. ಆಫ್ರಿಕಾದ ಕೂಸುಗಳಲ್ಲೂ ನಮ್ಮ ಕೂಸುಗಳಲ್ಲೂ ಅದು ಸಾಮಾನ್ಯ. ಹಾಗಾಗಿ ಆ ಹೆಸರನ್ನು ಬಿಡುತ್ತಿರುವುದು ಸರಿಯಾಗಿಯೇ ಇದೆ. ಮಚ್ಚೆ ಗೊತ್ತಿಲ್ಲದವರು ಹೊಡೆತದ ಗುರುತೆಂದು ತಿಳಿದು ತಾಯ್ತಂದೆಯರ ಮೇಲೆ ಅನುಮಾನಪಡುವುದೂ ಉಂಟು.

ಆತನ ದಿನಚರಿ ಓದುವವರಿಗೆ ಒಂದು ಮಾತು. 1889ರಲ್ಲಿ ಸಂವಿಧಾನದ ಘೋಷಣೆಗೆ ಟೋಕಿಯೊ ಸಂಭ್ರಮದಿಂದ ಸಿಂಗರಿಸಿಕೊಂಡಿತ್ತು, ಅದರೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ ಎಂಬಂಥ ಸಾಲುಗಳು ಅಲ್ಲಿ ಬೇಕಾದಷ್ಟಿವೆ. ಆದರೆ ದಿನಚರಿಯನ್ನು ಆರಿಸಿ, ಜೋಡಿಸಿ ಅಚ್ಚಿಗೆ ಕೊಟ್ಟವನು ಮಗ ಟೋಕು, ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಅರಮನೆ, ರಾಜಕಾರಣದ ಪುಟಗಳೇ ಅಲ್ಲಿ ಮೆರೆಯುತ್ತವೆ. ನುಸಿ, ಅನ್ನ, ಬಿಸಿನೀರಿನ ಬೆಲ್ಟ್ಸ್ ಸಿಗುವುದು ಆತನ ವೈದ್ಯಲೇಖನಗಳಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ, ಮೊದಲು ಪ್ರವಾಹ ಜ್ವರದ ಲೇಖನ ತೆರೆಯಿರಿ.