ಶುಕ್ರವಾರ ಸಂಜೆ ಉಳಿದವರು

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಡಾರ್ಮ್, ಅಂದರೆ ಹಾಸ್ಟೆಲ್, ನೋಡುವುದಿದ್ದರೆ ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ನೋಡಬೇಕು. ಮೆಟ್ಟಿಲ ಮೇಲೆಲ್ಲ ಬಟ್ಟೆ ಬುಟ್ಟಿಗಳ ಮೆರವಣಿಗೆ. ವಾರವಿಡೀ ಒಗೆಯದೆ ಪೇರಿಸಿಟ್ಟಿದ್ದೆಲ್ಲ ಅಮ್ಮನ ವಾಷಿಂಗ್ ಮೆಷಿನ್ನಿನ ಕಡೆಗೆ ಹೊರಟಿರುತ್ತದೆ. ಎರಡು ಗಂಟೆ ಕಾರು ಓಡಿಸಿದರೆ ಸ್ವಂತ ಮನೆ, ಸ್ವಂತ ನಾಯಿ, ಹೈಸ್ಕೂಲಿನ ಗೆಳೆಯರು. ಆರು ಹೊಡೆಯುವ ಹೊತ್ತಿಗೆ ಪಾರ್ಕಿಂಗ್ ಜಾಗ ಅರ್ಧ ಖಾಲಿ. ಕಾರಿಡಾರಿನಲ್ಲಿ ಉಳಿಯುವವರು ಯಾರಪ್ಪಾ ಅಂದರೆ ಪಾರ್ಟ್‌ಟೈಮ್ ಕೆಲಸ ಇರುವವರು, ಸೋಮವಾರ ಪರೀಕ್ಷೆ ಇರುವವರು, ಮತ್ತೆ ಹೊರರಾಜ್ಯದವರು.

ಬೇಸರವೇ? ಬೇಸರವೇ. ಆದರೆ ಕ್ಯಾಂಪಸ್ ನಾಯಕತ್ವ ಎನ್ನುವ ಪದಾರ್ಥ ಹುಟ್ಟುವುದು ಈ ಖಾಲಿ ಶನಿವಾರ, ಭಾನುವಾರಗಳಲ್ಲೇ. ಮಾತು ಬಲ್ಲವರಿಗೆ, ಮುನ್ನುಗ್ಗುವವರಿಗೆ ಅದು ಸಿಗುತ್ತದೆಂದು ಹೊಸಬರು ತಿಳಿದಿರುತ್ತಾರೆ. ಸಿಗುವುದು ವಾರದ ಕೊನೆಗೆ ಊರಿಗೆ ಹೋಗದವರಿಗೆ.

ಹೊರರಾಜ್ಯದವರೆಂದರೆ ಪರದೇಶಿಗಳೇನಲ್ಲ. ಪಾಸ್‌ಪೋರ್ಟ್ ಅದೇ, ಮಾತು ಅದೇ. ಫೀ ಕಟ್ಟುವಾಗ ಮಾತ್ರ ಲೆಕ್ಕ ಬೇರೆ: ಆ ರಾಜ್ಯದ ಮಕ್ಕಳು ಕಟ್ಟುವುದರ ಎರಡು ಪಟ್ಟು, ಕೆಲವೆಡೆ ಮೂರು ಪಟ್ಟು. ವಿಶ್ವವಿದ್ಯಾಲಯಕ್ಕೆ ರಾಜ್ಯದ ತೆರಿಗೆ ಹಣ ಬರುತ್ತದೆ, ನಿಮ್ಮಪ್ಪ ಇಲ್ಲಿ ತೆರಿಗೆ ಕಟ್ಟಿಲ್ಲವಲ್ಲ ಎಂಬ ತರ್ಕ. ಪಶ್ಚಿಮದ ರಾಜ್ಯಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಸ್ಥಳೀಯ ಶುಲ್ಕದ ಶೇ. 150 ಮೀರದಂತೆ ಪಡೆಯುವ ವ್ಯವಸ್ಥೆಯೂ ಇದೆ. ಎಲ್ಲ ಕಾಲೇಜಿಗೂ ಎಲ್ಲ ಕೋರ್ಸಿಗೂ ಅದು ಅನ್ವಯಿಸದು, ಅರ್ಜಿ ಹಾಕುವ ಮುಂಚೆಯೇ ಕೇಳಿಕೊಳ್ಳಬೇಕು. ಒಂದು ವರ್ಷ ಕಳೆದರೆ ನಾವೂ ಇಲ್ಲಿಯವರೇ ಆಗಿಬಿಡುತ್ತೇವೆ ಎಂಬ ಆಸೆ ಬಹಳ ಮನೆಗಳಲ್ಲಿರುತ್ತದೆ. ಸೇರುವಾಗ ಹೊರಗಿನವರಾಗಿದ್ದವರು ಓದು ಮುಗಿಯುವ ತನಕ ಹೊರಗಿನವರೇ ಎಂಬ ಕನೆಕ್ಟಿಕಟ್ ರಾಜ್ಯದ ನಿಯಮವನ್ನು 1973ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ನಿಜ. ಆದರೆ ಪುರಾವೆ ಕೇಳುವ ಹಕ್ಕು ರಾಜ್ಯಗಳ ಕೈಯಲ್ಲೇ ಉಳಿಯಿತು. ಸಾಮಾನ್ಯವಾಗಿ 12 ತಿಂಗಳ ವಾಸ, ಬರೀ ಓದಲು ಬಂದವಳಲ್ಲ ಎನ್ನುವುದಕ್ಕೆ ದಾಖಲೆ, ಅಪ್ಪ ಅಮ್ಮನ ದುಡ್ಡಿನ ಮೇಲೆ ನಿಂತಿಲ್ಲ ಎನ್ನುವುದಕ್ಕೆ ಇನ್ನಷ್ಟು ದಾಖಲೆ. ಹದಿನೆಂಟರ ಹುಡುಗಿಗೆ ಇದೆಲ್ಲ ಕೈಗೆಟುಕುವ ಮಾತೇ? ತಮಾಷೆ ಏನೆಂದರೆ, ಅದೇ ಹುಡುಗಿ ಡಾರ್ಮಿನ ವಿಳಾಸ ಕೊಟ್ಟು ಆ ಊರಿನ ಮತದಾರಳಾಗಬಹುದು. ಟೆಕ್ಸಸ್‌ನ ವಾಲರ್ ಕೌಂಟಿಯ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಹಕ್ಕು ಅದು. ಮೇಯರನ್ನು ಆರಿಸಲು ಊರಿನವಳು, ಫೀ ಕಟ್ಟಲು ಪರವೂರಿನವಳು!

ಸಂಖ್ಯೆಯಲ್ಲೂ ಒಂದೊಂದು ಕಡೆ ಒಂದೊಂದು ಸ್ಥಿತಿ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರುವವರಲ್ಲಿ ಹೊರರಾಜ್ಯದವರು ಶೇ. 18 ಮೀರುವಂತಿಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಅವರದೇ ಬಹುಮತ. ಶುಕ್ರವಾರದ ಖಾಲಿತನದ ಈ ಪುರಾಣವೆಲ್ಲ ಅಲ್ಲಿ ಅಷ್ಟಾಗಿ ನಡೆಯದು.

ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಹುಲ್ಲುಹಾಸಿನ ಮೇಲೆ ಕ್ಲಬ್ ಮೇಳ ನಡೆಯುತ್ತದೆ. ದೊಡ್ಡ ವಿಶ್ವವಿದ್ಯಾಲಯವಾದರೆ ನೂರಾರು ಮೇಜು: ರೋಬಾಟ್ ಕಟ್ಟುವವರು, ಜೇನು ಸಾಕುವವರು, ಸಾಲ್ಸಾ ಕುಣಿಯುವವರು, ಚೀಸ್ ರುಚಿ ನೋಡುವುದನ್ನೇ ಧ್ಯೇಯ ಮಾಡಿಕೊಂಡವರು. ಪುಕ್ಕಟೆ ಪೆನ್ನು, ಚಾಕೊಲೇಟು, ಟೀಶರ್ಟಿನ ಆಸೆಗೆ ಹೊಸಬರು ಇಪ್ಪತ್ತು ಕಡೆ ಇಮೇಲ್ ಬರೆದು ಬರುತ್ತಾರೆ. ಮುಂದಿನ ನಾಲ್ಕು ವರ್ಷ ಆ ಇಪ್ಪತ್ತರ ಸಂದೇಶಗಳನ್ನು ಅಳಿಸುವುದೇ ಕೆಲಸ. ಮೂರು ಸಾಕು. ಓದುವ ವಿಷಯಕ್ಕೆ ಸಂಬಂಧಿಸಿದ್ದೊಂದು, ಮೈ ಬೆವರುವುದೊಂದು, ಯಾವ ಪ್ರಯೋಜನಕ್ಕೂ ಬಾರದ್ದೊಂದು. ಈ ಮೂರನೆಯದನ್ನು ಬಿಡಬೇಡಿ. ರೆಸ್ಯುಮೆಗೆ ಬರೆಯಲಾಗದ ಕಡೆಯೇ ಸ್ನೇಹ ಗಟ್ಟಿಯಾಗುವುದು ಜಾಸ್ತಿ. ತಮ್ಮ ರಾಜ್ಯದವರೇ ಸೇರಿಕೊಂಡ ಗುಂಪು ಸಿಕ್ಕಿದರೆ ಹೋಗಿ ಬನ್ನಿ, ಅಲ್ಲೇ ಠಿಕಾಣಿ ಹೂಡಬೇಡಿ.

ಮೊದಲ ಸಭೆ ನೋಡಿ ಕ್ಲಬ್ಬನ್ನು ಅಳೆಯಬಾರದು. ಅವತ್ತು ಪಿಜ್ಜಾ ಇರುತ್ತದೆ, ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿರುತ್ತಾರೆ. ನಾಲ್ಕನೆಯ ಸಭೆಯ ಹೊತ್ತಿಗೆ ಮಿಡ್‌ಟರ್ಮ್ ಪರೀಕ್ಷೆ ಶುರುವಾಗಿ ಕಾಲು ಭಾಗ ಉಳಿದರೆ ಪುಣ್ಯ. ಉಳಿದ ಆ ಕಾಲು ಭಾಗವೇ ಕ್ಲಬ್ಬು. ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುವಾಗ ಆಡುವ ಮಾತಿನಲ್ಲಿ, ಶನಿವಾರದ ಕಾರ್ಯಕ್ರಮಕ್ಕೆ ಸ್ಪೀಕರ್ ಯಾರು ತರುತ್ತಾರೆ, ಸ್ಟೋರ್‌ರೂಮಿನ ಕೀ ಯಾರ ಹತ್ತಿರ ಇರಲಿ ಎಂಬುದೆಲ್ಲ ತೀರ್ಮಾನವಾಗುತ್ತದೆ. 'ಶನಿವಾರ ನಾನು ಇರ್ತೀನಿ' ಎನ್ನುವವರ ಕೈಗೆ ಕೀ ಬರುತ್ತದೆ. ಕೀ ಬಂದ ಮೇಲೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ.

ತಮಗೆ ಬೇಕಾದ ಕ್ಲಬ್ ಇಲ್ಲವೆಂದು ಮೊದಲ ವರ್ಷವೇ ಹೊಸದು ಕಟ್ಟಲು ಹೊರಡುವವರಿದ್ದಾರೆ. ಕನಿಷ್ಠ ಇಷ್ಟು ಸದಸ್ಯರು, ಸಲಹೆಗಾರರಾಗಿ ಒಬ್ಬ ಅಧ್ಯಾಪಕರೋ ಸಿಬ್ಬಂದಿಯೋ, ಲಿಖಿತ ಸಂವಿಧಾನ, ಪದಾಧಿಕಾರಿಗಳ ತರಬೇತಿ, ಆಮೇಲೆ ಮಂಜೂರಾತಿ: ಹೀಗೇ ಒಂದು ಸೆಮಿಸ್ಟರ್ ಹೋಗುತ್ತದೆ. ಅದಕ್ಕಿಂತ ವಿದ್ಯಾರ್ಥಿ ಸಂಘಟನೆಗಳ ಕಚೇರಿಗೆ ಹೋಗಿ, ಈ ವರ್ಷ ನವೀಕರಣ ಮಾಡಿಸದೆ ಮಲಗಿರುವ ಕ್ಲಬ್ಬುಗಳು ಯಾವುವು ಎಂದು ಕೇಳಿ. ಸಂವಿಧಾನ ಸಿದ್ಧವಿರುತ್ತದೆ, ಹೆಸರು ಕಡತದಲ್ಲಿರುತ್ತದೆ, ಒಮ್ಮೊಮ್ಮೆ ಬೀರುವಿನಲ್ಲಿ ಸಾಮಾನೂ ಇರುತ್ತದೆ. ಇಲ್ಲದಿರುವುದು ಜನ ಮಾತ್ರ.

ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ. ಹೊರರಾಜ್ಯದವರ ನಿಜವಾದ ಪರೀಕ್ಷೆ ಅವತ್ತು. ನಾಲ್ಕು ದಿನಕ್ಕಾಗಿ ವಿಮಾನದ ಟಿಕೆಟ್ ದುಬಾರಿ. ಮೂರು ವಾರದಲ್ಲಿ ಚಳಿಗಾಲದ ರಜೆಗೆ ಹೇಗೂ ಹೋಗಬೇಕು. ಊಟದ ಹಾಲ್ ಮುಚ್ಚುತ್ತದೋ, ಡಾರ್ಮ್ ತೆರೆದಿರುತ್ತದೋ, ಉಳಿಯಲು ಮುಂಚೆಯೇ ಹೆಸರು ಕೊಡಬೇಕೋ ಎಂಬುದನ್ನು ಸೆಪ್ಟೆಂಬರಿನಲ್ಲೇ ನೋಡಿಟ್ಟುಕೊಳ್ಳಬೇಕು. ಚಳಿಗಾಲದ ರಜೆಗಂತೂ ಬಹಳ ಕಡೆ ಬೀಗವೇ ಬೀಳುತ್ತದೆ. ರೂಮ್‌ಮೇಟ್ ತನ್ನ ಮನೆಗೆ ಕರೆದರೆ ಸಂಕೋಚಪಡದೆ ಹೊರಡಬೇಕು. ಯಾರೂ ಕರೆಯಲಿಲ್ಲವೋ, ಒಂದು ಹಾಳೆ ತೆಗೆದುಕೊಂಡು 'ಗುರುವಾರ ಇಲ್ಲೇ ಇರುವವರು ಹೆಸರು ಬರೆಯಿರಿ' ಎಂದು ಡಾರ್ಮಿನ ಅಡುಗೆಮನೆ ಬಾಗಿಲಿಗೆ ಅಂಟಿಸಬೇಕು. ಪಕ್ಕದಲ್ಲಿ ಎರಡು ಕಾಲಂ: ಏನು ತರುತ್ತೀರಿ, ಏನು ತಿನ್ನುವುದಿಲ್ಲ. ಸೋಮವಾರದೊಳಗೆ ಕಂಡರಿಯದ ಎಂಟು ಹೆಸರು ಬೀಳುತ್ತವೆ, ಅದರಲ್ಲಿ ಆರು ಮಂದಿ ಪೇಪರ್ ತಟ್ಟೆ ತರುತ್ತೇವೆಂದು ಬರೆದಿರುತ್ತಾರೆ.

ಕೆಡುವುದು ಟರ್ಕಿಯಲ್ಲಿ, ಅಂದರೆ ಆ ಹಬ್ಬಕ್ಕೆ ಇಡಿಯಾಗಿ ಬೇಯಿಸುವ ಕೋಳಿಯಂಥ ದೊಡ್ಡ ಹಕ್ಕಿಯಲ್ಲಿ. ಗಡ್ಡೆಕಟ್ಟಿದ ಟರ್ಕಿ ಫ್ರಿಜ್ಜಿನಲ್ಲಿ ಕರಗಲು ಪ್ರತಿ ನಾಲ್ಕೈದು ಪೌಂಡಿಗೆ 24 ಗಂಟೆ ಬೇಕು. 12 ಪೌಂಡಿನದಾದರೆ ಮೂರು ದಿನ. ಬುಧವಾರ ರಾತ್ರಿ ತಂದವರು ಗುರುವಾರ ಸಂಜೆಗೂ ಕಲ್ಲನ್ನೇ ನೋಡುತ್ತ ಕೂತಿರಬೇಕು. ಡಾರ್ಮ್ ರೂಮಿನ ಪುಟ್ಟ ಫ್ರಿಜ್ಜಿನಲ್ಲಿ ಅದು ಹಿಡಿಯುವುದೂ ಇಲ್ಲ. ಜಾಣರು ಎರಡು ಕೋಳಿ ತರುತ್ತಾರೆ. ಟರ್ಕಿಯಾಗಲಿ ಕೋಳಿಯಾಗಲಿ, ತೊಡೆಯ ದಪ್ಪ ಭಾಗದಲ್ಲಿ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸುವ ತನಕ ಬೇಯಬೇಕು. ಓವನ್ನಿನ ತಳದಲ್ಲಿ ಹಿಂದಿನವರು ಚೆಲ್ಲಿದ ಚೀಸ್ ಇದೆಯೇ ಎಂದು ಮೊದಲು ನೋಡಿ, ಇಲ್ಲವಾದರೆ ಹೊಗೆಗೆ ಅಲಾರಂ ಕೂಗಿ ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಲ್ಲುತ್ತದೆ. ಹೆಸರು ಬರೆಸಿದ ಆ ಹಾಳೆಯನ್ನು ಬಿಸಾಡಬಾರದು. ಮುಂದಿನ ಮಾರ್ಚಿನಲ್ಲಿ ಅದೇ ಮತದಾರರ ಪಟ್ಟಿ.

ಮಾರ್ಚ್, ಏಪ್ರಿಲ್ ಕ್ಲಬ್ಬುಗಳ ಚುನಾವಣೆಯ ಕಾಲ. ಅಧ್ಯಕ್ಷ ಸ್ಥಾನಕ್ಕೆ ಮೂವರು, ಉಪಾಧ್ಯಕ್ಷ ಸ್ಥಾನಕ್ಕೆ ಇಬ್ಬರು, ಖಜಾಂಚಿಗೆ ಯಾರೂ ಇಲ್ಲ. ಹೊಸಬರು ಹಿಡಿಯಬೇಕಾದ್ದು ಇದನ್ನೇ. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಇದ್ದ ಹಾಗೆ ಈ ಹುದ್ದೆ. ಫೋಟೋದಲ್ಲಿ ಬೇರೆಯವರಿರುತ್ತಾರೆ, ಸಕ್ಕರೆ ಬೇಕಾದಾಗ ಎಲ್ಲರೂ ಇಲ್ಲಿಗೇ ಬರಬೇಕು.

ಕ್ಲಬ್ಬುಗಳಿಗೆ ಹಣ ಬರುವುದು ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಕಟ್ಟುವ ಚಟುವಟಿಕೆ ಶುಲ್ಕದಿಂದ. ನಮಗೆ ಹಿಡಿಸದ ಸಂಘಕ್ಕೆ ನಮ್ಮ ದುಡ್ಡೇಕೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಕೋರ್ಟಿಗೆ ಹೋಗಿದ್ದರು. ಶುಲ್ಕ ಪಡೆಯಬಹುದು, ಆದರೆ ಹಂಚುವಾಗ ಯಾರ ಅಭಿಪ್ರಾಯ ಏನೆಂದು ನೋಡಕೂಡದು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಹಣಕಾಸು ಸಮಿತಿಯವರ ಮುಂದೆ ಕ್ಲಬ್ಬಿನ ಹಿರಿಮೆ ಹೇಳಿ ಫಲವಿಲ್ಲ. ಅವರು ನೋಡುವುದು ಪಟ್ಟಿ. ದಿನಾಂಕ, ಜಾಗ, ಬರುವವರ ಅಂದಾಜು, ಒಂದೊಂದು ಬಾಬ್ತಿಗೂ ದರ ಮತ್ತು ಪ್ರಮಾಣ. 'ಇತರೆ ಖರ್ಚು' ಎಂದು ಬರೆದ ಸಾಲು ಮೊದಲ ಪೆಟ್ಟಿಗೇ ಉರುಳುತ್ತದೆ. ಕಾರ್ಯಕ್ರಮಕ್ಕೆ ವಾರಗಟ್ಟಲೆ ಮುಂಚೆ ಅರ್ಜಿ ಸೇರಬೇಕು. ಮೊದಲು ಖರ್ಚು ಮಾಡಿ ಆಮೇಲೆ ಕೇಳಿದರೆ ಬಹುಪಾಲು ಕಡೆ ಬಿಡಿಗಾಸೂ ಹುಟ್ಟುವುದಿಲ್ಲ.

ಇನ್ನು ರಸೀದಿ. ಕಾರ್ಡ್ ಉಜ್ಜಿದಾಗ ಬರುವ ಮೊತ್ತದ ಚೀಟಿ ರಸೀದಿಯಲ್ಲ. ಏನೇನು ಕೊಂಡಿರಿ ಎಂದು ಸಾಲುಸಾಲಾಗಿ ಇರುವುದು ಬೇಕು. ಆ ನುಣುಪು ಕಾಗದದ ಅಕ್ಷರ ಬಿಸಿಗೆ ಅಳಿಸಿಹೋಗುತ್ತದೆ, ಅಂಗಡಿಯ ಬಾಗಿಲಲ್ಲೇ ಫೋಟೋ ತೆಗೆದುಬಿಡಿ. ವಿಶ್ವವಿದ್ಯಾಲಯದ ತೆರಿಗೆ ವಿನಾಯಿತಿ ಪತ್ರ ತೋರಿಸದೆ ಕೊಂಡರೆ ಮಾರಾಟ ತೆರಿಗೆ ನಿಮ್ಮ ಕೈಯಿಂದಲೇ ಹೋಗುವುದುಂಟು. ಸ್ವಂತ ಬಟ್ಟೆಗೆಂದು ಕೊಂಡ ಸೋಪು ಅದೇ ಬಿಲ್ಲಿನಲ್ಲಿ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಡುವವರ ಜೊತೆಗೋ ಬಸ್ಸಿನವರ ಜೊತೆಗೋ ಕರಾರು ಇದ್ದರೆ ವಿದ್ಯಾರ್ಥಿ ಸಹಿ ಹಾಕಬಾರದು. ಅದಕ್ಕೆ ಅಧಿಕಾರವಿರುವ ಸಿಬ್ಬಂದಿ ಇರುತ್ತಾರೆ. ಹಾಕಿದರೆ, ಕಾರ್ಯಕ್ರಮ ರದ್ದಾದ ದಿನ ಅವರು ಹುಡುಕಿಕೊಂಡು ಬರುವುದು ಸಹಿ ಹಾಕಿದವರನ್ನೇ.

ಸಭೆ ನಡೆಸುವ ಕ್ರಮ ಹೆನ್ರಿ ರಾಬರ್ಟ್ ಎಂಬ ಸೈನ್ಯದ ಎಂಜಿನಿಯರ್ 1876ರಲ್ಲಿ ಪುಸ್ತಕ ಮಾಡಿಟ್ಟದ್ದು. ಸೂಚಕರು, ಅನುಮೋದಕರು, ಚರ್ಚೆ, ಮತ. ಚರ್ಚೆ ಸಾಕು ಎಂದು ನಿಲ್ಲಿಸಲು ಮೂರನೇ ಎರಡರಷ್ಟು ಮತ. ಕೋರಂ, ಅಂದರೆ ಸಭೆಗೆ ಕನಿಷ್ಠ ಇರಬೇಕಾದ ಸದಸ್ಯರು, ಎಷ್ಟು ಎಂಬುದು ಕ್ಲಬ್ಬಿನ ಬೈಲಾದಲ್ಲಿರುತ್ತದೆ. ಬೈಲಾವನ್ನು ಒಂದು ಸಂಜೆ ಕೂತು ಓದಿದ ಏಕೈಕ ಸದಸ್ಯ ಎಂಬ ಕೀರ್ತಿ ಸುಲಭವಾಗಿ ಸಿಗುವಂಥದ್ದು. ಅದರಿಂದ ಸ್ವಲ್ಪ ಜನಪ್ರಿಯತೆ ಕಡಿಮೆಯಾಗುತ್ತದೆ, ಅಷ್ಟೆ.

ಡಾರ್ಮಿನ ಆರ್‌ಎ (ಅಲ್ಲಿನ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ) ಕೆಲಸವೂ ಇಂಥವರಿಗೆ ಹೇಳಿಮಾಡಿಸಿದ್ದು. ಸಾಮಾನ್ಯವಾಗಿ ಚಳಿಗಾಲದಲ್ಲಿ ಅರ್ಜಿ, ಮುಂದಿನ ಆಗಸ್ಟಿನಲ್ಲಿ ಉಳಿದವರಿಗಿಂತ ಮುಂಚೆ ಬಂದು ತರಬೇತಿ. ಪ್ರತಿಫಲವಾಗಿ ರೂಮು, ಬಹಳ ಕಡೆ ಊಟವೂ. ಬಾಗಿಲಿಗೆಲ್ಲ ಹೆಸರಿನ ಚೀಟಿ ಅಂಟಿಸುವುದು, ಕೀ ಮರೆತವರಿಗೆ ರಾತ್ರಿ ಎರಡಕ್ಕೆ ಬಾಗಿಲು ತೆಗೆಯುವುದು, ಎಸಿ ಎಷ್ಟಿರಬೇಕೆಂದು ಮಾತು ಬಿಟ್ಟ ರೂಮ್‌ಮೇಟ್‌ಗಳ ನಡುವೆ ಕೂರುವುದು. ಒಪ್ಪಿಕೊಳ್ಳುವ ಮುಂಚೆ ಹಣಕಾಸು ನೆರವಿನ ಕಚೇರಿಯಲ್ಲಿ ವಿಚಾರಿಸಿ. ರೂಮಿನ ಬೆಲೆಯನ್ನು ನೆರವಿನ ಲೆಕ್ಕಕ್ಕೆ ಹಿಡಿದು ಅನುದಾನ ಇಳಿಸುವುದುಂಟು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದರೆ ರಾತ್ರಿ ಎರಡಕ್ಕೆ ಏಳುವುದು ದಂಡ.

ಹುದ್ದೆ ಬಿಡುವ ದಿನದ ಕೆಲಸ ಯಾರೂ ಹೇಳಿಕೊಡುವುದಿಲ್ಲ. ಕ್ಲಬ್ಬುಗಳು ಜಗಳದಿಂದ ಸಾಯುವುದಕ್ಕಿಂತ ಬೇಸಿಗೆ ರಜೆಯಲ್ಲಿ ಸಾಯುವುದೇ ಹೆಚ್ಚು. ಹಿಂದಿನ ಅಧ್ಯಕ್ಷರು ಪದವಿ ಪಡೆದು ಹೋದರು, ಕ್ಲಬ್ಬಿನ ಇನ್‌ಸ್ಟಾಗ್ರಾಂ ಖಾತೆ ಅವರ ಹಳೇ ಫೋನ್ ನಂಬರಿಗೆ ಕಟ್ಟಿಕೊಂಡಿದೆ, ಸದಸ್ಯರ ಪಟ್ಟಿ ಈಗ ಮುಚ್ಚಿಹೋದ ಅವರ ಕಾಲೇಜು ಇಮೇಲ್‌ನಲ್ಲಿದೆ. ಖಾತೆಗಳನ್ನು ಕ್ಲಬ್ಬಿನ ಹೆಸರಿನ ಇಮೇಲ್‌ಗೆ ವರ್ಗಾಯಿಸಿ, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಲಾಗಿನ್ ಮಾಡಿಸಿ ನೋಡಬೇಕು. ಯಾವ ತಿಂಗಳು ಯಾವ ಅರ್ಜಿ, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಸ್ಟೋರ್‌ರೂಮಿನ ಕೀ ಎಲ್ಲಿ ಎಂದು ಎರಡು ಪುಟ ಬರೆದಿಡಬೇಕು. ಬ್ಯಾಂಕ್ ಖಾತೆ ಇದ್ದರೆ ಸಹಿದಾರರ ಬದಲಾವಣೆ ಏಪ್ರಿಲ್‌ನಲ್ಲೇ ಆಗಲಿ. ಮೇ ತಿಂಗಳಲ್ಲಿ ಹೊಸ ಖಜಾಂಚಿ ಊರಿಗೆ ಹೊರಟಿರುತ್ತಾರೆ, ಬ್ಯಾಂಕಿನವರು ಇಬ್ಬರೂ ಒಟ್ಟಿಗೇ ಬನ್ನಿ ಎನ್ನುತ್ತಾರೆ.